ಹೊಟ್ಟೆಪಾಡಿನ ಮಾತು ಎಷ್ಟು ಸಲ?

ಕೇಳುಗರೇ, ನಮಸ್ಕಾರ.

ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದವನು, ಅದೂ ಎರಡನೇ ಸಲವೋ ಮೂರನೇ ಸಲವೋ ಸಿಕ್ಕಿಬಿದ್ದವನು, ಸಾಮಾನ್ಯವಾಗಿ ಹೇಳುವ ಮಾತು ಒಂದೇ. "ಫೈನ್ ಎಷ್ಟಾದ್ರೂ ಹಾಕಿ ಸಾರ್, ಡಿಎಲ್ ಮಾತ್ರ ಮುಟ್ಟಬೇಡಿ. ಅದೇ ನಮ್ಮ ಹೊಟ್ಟೆಪಾಡು." ಈ ಮಾತು ಸುಳ್ಳಲ್ಲ. ನಮ್ಮ ಹಾಸನ ಜಿಲ್ಲೆಯಲ್ಲಿ ಸ್ಟೇರಿಂಗ್ ನಂಬಿ ಬದುಕುವ ಮನೆಗಳು ಎಷ್ಟೋ ಇವೆ. ಲಾರಿ, ಟ್ಯಾಕ್ಸಿ, ಆಟೋ, ಹಾಲಿನ ವ್ಯಾನು, ಎಸ್ಟೇಟಿನ ಜೀಪು. ಡಿಎಲ್ ಹೋದರೆ ಮಕ್ಕಳ ಫೀಸಿಗೂ ಕುತ್ತು, ಗಾಡಿಯ ಕಂತಿಗೂ ಕುತ್ತು. ಹಾಗಂತ ಮತ್ತೆ ಮತ್ತೆ ತಪ್ಪು ಮಾಡುವವನ ಡಿಎಲ್ ಮುಟ್ಟದೆ ಬಿಡಬೇಕಾ? ಬಿಡಬಾರದು ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಇದೇ ಪ್ರಶ್ನೆ ಬ್ರಿಟನ್ನಿನಲ್ಲೂ ಇದೆ. ಅಲ್ಲಿ ತಪ್ಪು ಮಾಡಿದರೆ ಲೈಸೆನ್ಸಿನ ಮೇಲೆ ಪಾಯಿಂಟ್ ಬೀಳುತ್ತದೆ. ವೇಗದ ಮಿತಿ ದಾಟಿದರೆ ಕನಿಷ್ಠ 3, ಮೊಬೈಲ್ ಕೈಯಲ್ಲಿ ಹಿಡಿದು ಓಡಿಸಿದರೆ 6. ಮೂರು ವರ್ಷದೊಳಗೆ 12 ಪಾಯಿಂಟ್ ತುಂಬಿತೋ, ಕನಿಷ್ಠ 6 ತಿಂಗಳು ಗಾಡಿ ಓಡಿಸುವಂತಿಲ್ಲ. ಆದರೆ ಒಂದು ಕಿಂಡಿ ಇದೆ. ಲೈಸೆನ್ಸ್ ಹೋದರೆ ಬರೀ ತೊಂದರೆಯಲ್ಲ, ವಿಪರೀತ ಕಷ್ಟವಾಗುತ್ತದೆ ಅಂತ ಕೋರ್ಟಿಗೆ ಮನವರಿಕೆ ಮಾಡಿಕೊಟ್ಟರೆ ನಿಷೇಧದಿಂದ ಪಾರಾಗಬಹುದು. ಹೀಗೆ ಪಾರಾದವರು 12 ಪಾಯಿಂಟ್ ದಾಟಿಯೂ ಗಾಡಿ ಓಡಿಸುತ್ತಲೇ ಇದ್ದಾರೆ. ಅಲ್ಲಿನ ಕಾನೂನಿನಲ್ಲಿ ನನಗೆ ಹಿಡಿಸಿದ್ದು ಒಂದು ಮಾತು. ಒಮ್ಮೆ ಹೇಳಿಕೊಂಡು ಪಾರಾದ ಕಷ್ಟವನ್ನೇ ಮೂರು ವರ್ಷದೊಳಗೆ ಮತ್ತೆ ಮುಂದಿಡುವಂತಿಲ್ಲ. ಕುಡಿದು ಓಡಿಸಿದವನಿಗಂತೂ ಈ ಕಿಂಡಿ ತೆರೆಯುವುದೇ ಇಲ್ಲ.

ನಮ್ಮಲ್ಲಿ? 1988ರ ಮೋಟಾರು ವಾಹನ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಡಿಎಲ್ ಅಮಾನತು ಮಾಡಬಹುದು, ರದ್ದೂ ಮಾಡಬಹುದು. ಅದಕ್ಕೆ ಮುಂಚೆ ಡ್ರೈವರ್ ಹೇಳುವುದನ್ನು ಕೇಳಲೇಬೇಕು. ಒಪ್ಪಿಗೆಯಾಗದಿದ್ದರೆ ಅವನು 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಅಂದರೆ ಕಷ್ಟ ಹೇಳಿಕೊಳ್ಳಲು ಜಾಗ ಇದೆ. ಸುಪ್ರೀಂ ಕೋರ್ಟ್ ನೇಮಿಸಿದ ರಸ್ತೆ ಸುರಕ್ಷತಾ ಸಮಿತಿ 2015ರಲ್ಲೇ ರಾಜ್ಯಗಳಿಗೆ ಸ್ಪಷ್ಟವಾಗಿ ತಿಳಿಸಿತ್ತು. ಅತಿ ವೇಗ, ಕೆಂಪು ದೀಪ ದಾಟುವುದು, ಕುಡಿದು ಓಡಿಸುವುದು, ಓಡಿಸುತ್ತಾ ಮೊಬೈಲಿನಲ್ಲಿ ಮಾತು, ಓವರ್‌ಲೋಡ್, ಸರಕಿನ ಗಾಡಿಯಲ್ಲಿ ಜನರನ್ನು ತುಂಬುವುದು, ಇವಕ್ಕೆಲ್ಲ ಕನಿಷ್ಠ 3 ತಿಂಗಳು ಅಮಾನತು ಮಾಡಿ ಅಂತ. 2019ರ ತಿದ್ದುಪಡಿಯಲ್ಲಿ ಹೆಲ್ಮೆಟ್ ಇಲ್ಲದಿದ್ದರೂ 3 ತಿಂಗಳು ಅಂತ ಬಂತು. ಹೆಲ್ಮೆಟ್ ಹಾಕಲಿಲ್ಲ ಅಂತ ಡಿಎಲ್ ಕಳೆದುಕೊಂಡವರನ್ನು ನೀವು ಎಷ್ಟು ಜನರನ್ನು ನೋಡಿದ್ದೀರಿ?

ನಾವು ಕಾಣುವುದು ಫೈನ್ ಮಾತ್ರ. ಅದೂ ಕಟ್ಟದೆ ಬಿಟ್ಟರೆ ರಿಯಾಯಿತಿ. 2023ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯದಲ್ಲಿ ಬಾಕಿ ದಂಡಕ್ಕೆ ಶೇ. 50 ರಿಯಾಯಿತಿ ಕೊಟ್ಟರು. 2025ರಲ್ಲೂ ಕೊಟ್ಟರು. ಸಿಕ್ಕಿದ ದಿನವೇ ಕಟ್ಟಿದವನಿಗೆ ಪೂರ್ತಿ ಹಣ, ಹತ್ತಾರು ಕೇಸು ಬಾಕಿ ಇಟ್ಟುಕೊಂಡವನಿಗೆ ಅರ್ಧ. ಬಾಕಿ ವಸೂಲಾಯಿತು ಅನ್ನಬಹುದು. ಆದರೆ ಆ ಹತ್ತಾರು ಕೇಸಿನವನ ಡಿಎಲ್ ಬಗ್ಗೆ ಯಾರು ಕೇಳಿದರು? ಇದನ್ನು ನೆನೆದರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಹೊಟ್ಟೆಪಾಡಿನ ಮಾತಿಗೆ ಬರೋಣ. ಮೊದಲ ಸಲ ಸಿಕ್ಕವನ ಕಷ್ಟ ಕೇಳಬೇಕು, ಕೇಳಲಿ. ಆದರೆ ಅವತ್ತೇ ಅವನಿಗೆ ಒಂದು ವಿಷಯ ಗೊತ್ತಾಗಿರುತ್ತದೆ. ಇನ್ನೊಂದು ಸಲ ಹೀಗಾದರೆ ಹೆಂಡತಿ ಮಕ್ಕಳ ಊಟಕ್ಕೇ ಕಲ್ಲು ಬೀಳುತ್ತದೆ ಅಂತ. ಅದು ಗೊತ್ತಿದ್ದೂ ಮತ್ತೆ ಕುಡಿದು ಶಿರಾಡಿ ಘಾಟಿಗೆ ಲಾರಿ ಇಳಿಸಿದರೆ, ಮನೆಯವರನ್ನು ಪಣಕ್ಕಿಟ್ಟವನು ಅವನೇ. ಕಾನೂನು ಅಲ್ಲ.

ಇನ್ನೊಂದು ಮಾತಿದೆ. ವಿಚಾರಣೆಯ ದಿನ ಡ್ರೈವರ್ ಎದುರಿಗೆ ನಿಂತಿರುತ್ತಾನೆ. ಅವನಿಗೆ ಮುಖ ಇದೆ, ಹೆಸರಿದೆ, ಕಣ್ಣಲ್ಲಿ ನೀರಿದೆ. ನೋಡಿದವರಿಗೆ ಅಯ್ಯೋ ಅನ್ನಿಸುತ್ತದೆ, ಸಹಜ. ಆದರೆ ನಾಳೆ ಚನ್ನರಾಯಪಟ್ಟಣದ ಹತ್ತಿರವೋ ಬಾಳ್ಳುಪೇಟೆಯ ಹತ್ತಿರವೋ ಅವನ ಗಾಡಿಗೆ ಸಿಕ್ಕುವವರು ಆ ಕೋಣೆಯಲ್ಲಿ ಇರುವುದಿಲ್ಲ. ತಮಗೆ ಹೀಗೆ ಆಗಲಿದೆ ಅಂತ ಅವರಿಗೇ ಗೊತ್ತಿಲ್ಲ. ಅವರ ಮನೆಯಲ್ಲೂ ದುಡಿಯುವವರು ಒಬ್ಬರೇ ಇರಬಹುದು, ಅಲ್ವಾ? ಅವರ ಪರವಾಗಿ ಕಷ್ಟ ಹೇಳುವವರು ಯಾರು? ತೀರ್ಪು ಕೊಡುವವರೇ ಅವರನ್ನೂ ನೆನೆಯಬೇಕು.

ಪಾರಾಗುವವರು ಯಾರು ಅಂತಲೂ ನೋಡಿ. ಒಳ್ಳೆ ವಕೀಲರನ್ನು ಇಡುವ ತಾಕತ್ತಿದ್ದವರಿಗೆ, ಯಾರಿಂದಲೋ ಫೋನ್ ಮಾಡಿಸಬಲ್ಲವರಿಗೆ ಕಷ್ಟ ಹೇಳಿಕೊಳ್ಳಲು ಬರುತ್ತದೆ. ಆಟೋ ಓಡಿಸುವವನಿಗೆ ನೋಟಿಸ್ ಓದಿಸಿಕೊಳ್ಳುವುದೇ ಕಷ್ಟ. ಹಾಗಾಗಿ ಕಿಂಡಿ ಹಿರಿದಾದಷ್ಟೂ ಬಡವನಿಗೇ ಅನ್ಯಾಯ.

ನನಗೆ ಬೇಕಾಗಿರುವುದು ಕ್ರೂರ ಶಿಕ್ಷೆ ಅಲ್ಲ, ತಪ್ಪದೆ ಬರುವ ಶಿಕ್ಷೆ. ಎಂದೋ ಒಮ್ಮೆ ಯಾರಿಗೋ ಎರಡು ವರ್ಷ ಅನ್ನುವುದಕ್ಕಿಂತ, ಎರಡನೇ ಸಲ ಸಿಕ್ಕ ಎಲ್ಲರಿಗೂ ಮೂರು ತಿಂಗಳು ಅಂದರೆ ಜಾಸ್ತಿ ಹೆದರುತ್ತಾರೆ. ಮೂರು ತಿಂಗಳು ಮನೆ ಹೇಗೋ ನಡೆಯುತ್ತದೆ. ಅಮಾನತಾದವರಿಗೆ ಡ್ರೈವಿಂಗಿನ ಮರುತರಬೇತಿ ಅಂತ 2019ರ ತಿದ್ದುಪಡಿಯಲ್ಲೇ ಇದೆ, ಅದನ್ನು ಸರಿಯಾಗಿ ನಡೆಸಲಿ. ಮೂರನೇ ಸಲಕ್ಕೆ ಯಾರ ಕಷ್ಟವನ್ನೂ ಕೇಳುವುದು ಬೇಡ.

ಕೊನೆಗೆ ಎಸ್ಟೇಟ್ ಸಾಹುಕಾರರಿಗೆ, ಲಾರಿ ಓನರ್‌ಗಳಿಗೆ ಒಂದು ಮಾತು. ಡಿಎಲ್ ಅಮಾನತಾದವನ ಕೈಗೆ ಗೊತ್ತಿದ್ದೂ ಗಾಡಿ ಕೊಟ್ಟರೆ 180ನೇ ಸೆಕ್ಷನ್ ಪ್ರಕಾರ ನಿಮಗೇ 5000 ರೂಪಾಯಿ ದಂಡ ಅಥವಾ 3 ತಿಂಗಳವರೆಗೆ ಜೈಲು ಆಗಬಹುದು. ಅಪಘಾತವಾದರೆ ಇನ್ಶೂರೆನ್ಸ್ ಕಂಪನಿ ಪರಿಹಾರದ ಹಣವನ್ನು ನಿಮ್ಮಿಂದಲೇ ವಸೂಲಿ ಮಾಡುವ ಸಾಧ್ಯತೆ ಉಂಟು. ಡಿಎಲ್ ನಂಬರು, ಹುಟ್ಟಿದ ದಿನ ಕೊಟ್ಟರೆ ಪರಿವಾಹನ್ ವೆಬ್‌ಸೈಟಿನಲ್ಲಿ ಡಿಎಲ್ ಚಾಲ್ತಿಯಲ್ಲಿದೆಯೋ ಇಲ್ಲವೋ ಗೊತ್ತಾಗುತ್ತದೆ. ಕೊಯ್ಲಿಗೆ ಆಳು ತರಲು ಪಿಕಪ್ ಗೊತ್ತು ಮಾಡುವ ಮುಂಚೆ ಒಮ್ಮೆ ನೋಡಿಬಿಡಿ.

ನಮಸ್ಕಾರ.