ಎಲೆಕ್ಟ್ರಾನ್ ಎಲ್ಲಿದೆ?

ಕೇಳುಗರಿಗೆ ನಮಸ್ಕಾರ. ಮನೆಯಲ್ಲಿ ಎಸ್ಸೆಸ್ಸೆಲ್ಸಿ ಓದುವ ಮಕ್ಕಳಿದ್ದರೆ ರೇಡಿಯೋ ಹತ್ತಿರ ಕರೆಯಿರಿ.

ಜಲಜನಕದ ಪರಮಾಣುವಿನ ನಡುವೆ ಒಂದು ಪ್ರೋಟಾನ್, ಹೊರಗೆ ಒಂದೇ ಒಂದು ಎಲೆಕ್ಟ್ರಾನ್. ಆ ಎಲೆಕ್ಟ್ರಾನ್ ಎಲ್ಲಿದೆ ಎಂದು ಕೇಳಿಕೊಳ್ಳಿ, ಮುಕ್ಕಾಲು ಪಾಠ ಮುಗಿಯಿತು. ಎರಡು ಪರಮಾಣುಗಳು ತಮ್ಮ ಎಲೆಕ್ಟ್ರಾನ್‌ಗಳನ್ನು ಹಂಚಿಕೊಂಡು ಜೋಡಿಯಾದರೆ ಅದು ಜಲಜನಕ ಅನಿಲ. ಅಲ್ಲಿ ಎಲೆಕ್ಟ್ರಾನ್ ಗಟ್ಟಿಯಾಗಿ ಸಿಕ್ಕಿಕೊಂಡಿರುತ್ತದೆ, ಹಾಗಾಗಿ ಕರೆಂಟ್ ಹರಿಯದು. ಎಲೆಕ್ಟ್ರಾನ್ ಕಳಚಿಹೋಯಿತೋ, ಉಳಿಯುವುದು ಧನ ಅಯಾನು, ಅಂದರೆ ಪ್ಲಸ್ ವಿದ್ಯುದಂಶ ಹೊತ್ತ ಕಣ. ನಿಂಬೆರಸ ಹುಳಿಯಾಗುವುದೂ ಅದರಿಂದಲೇ, ಆಮ್ಲದ ನೀರಿನಲ್ಲಿ ಕರೆಂಟ್ ಹರಿಯುವುದೂ ಅದರಿಂದಲೇ.

ನಾನು ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದಾಗ ಒಂದು ದಿನ ಗಾಜಿನ ಲೋಟದ ನೀರಿಗೆ ಅಡುಗೆ ಸೋಡಾ ಕದಡಿ, ಎರಡೂ ತುದಿ ಹೆರೆದ ಎರಡು ಪೆನ್ಸಿಲ್ ಇಳಿಬಿಟ್ಟು, 9 ವೋಲ್ಟ್ ಬ್ಯಾಟರಿಗೆ ತಂತಿ ಕೊಟ್ಟೆ. ಉಪ್ಪು ಹಾಕಬೇಡಿ, ಕ್ಲೋರಿನ್ ಎಂಬ ವಿಷಾನಿಲ ಬರುತ್ತದೆ. ಪೆನ್ಸಿಲ್ ಕಡ್ಡಿಗಳ ಸುತ್ತ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಮುತ್ತಿಕೊಂಡವು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಸಾರ್, ಈ ಪೆನ್ಸಿಲಲ್ಲೇ ಯಾಕೆ ಗುಳ್ಳೆ ಜಾಸ್ತಿ?" ಅಂದಳು. ನಾನು ಉತ್ತರ ಹೇಳಲಿಲ್ಲ. "ತಂತಿ ಅದಲುಬದಲು ಮಾಡಮ್ಮ" ಅಂದೆ. ಮಾಡಿದಳು, ಲೋಟಕ್ಕೆ ಮೂಗು ತಾಗುವಷ್ಟು ಬಗ್ಗಿ ನೋಡಿದಳು. ಈಗ ಇನ್ನೊಂದು ಪೆನ್ಸಿಲಲ್ಲಿ ಗುಳ್ಳೆ ಜಾಸ್ತಿ! "ಪೆನ್ಸಿಲಿನದಲ್ಲ ಸಾರ್, ಮೈನಸ್‌ದು!" ಅಂತ ಕೂಗಿದಳು.

ಸರಿಯಾಗಿಯೇ ಹೇಳಿದಳು. ಮೈನಸ್ ತುದಿಯಿಂದ ಎಲೆಕ್ಟ್ರಾನ್ ಬರುತ್ತದೆ. ನೀರಿನಲ್ಲಿರುವ ಜಲಜನಕ ಅದನ್ನು ಪಡೆದು, ಜೋಡಿ ಕಟ್ಟಿ, ಗುಳ್ಳೆಯಾಗಿ ಏರುತ್ತದೆ. ಪ್ಲಸ್ ಕಡೆ ಏರುವುದು ಆಮ್ಲಜನಕ. ನೀರಿನಲ್ಲಿ ಒಂದು ಆಮ್ಲಜನಕಕ್ಕೆ ಎರಡು ಜಲಜನಕ, ಅದಕ್ಕೇ ಮೈನಸ್ ಕಡೆ ಗುಳ್ಳೆ ಹೆಚ್ಚು. 1800ರಲ್ಲಿ ಲಂಡನ್ನಿನಲ್ಲಿ ನಿಕೋಲ್ಸನ್ ಮತ್ತು ಕಾರ್ಲೈಲ್ ಎಂಬಿಬ್ಬರು ಹೀಗೆಯೇ ಬ್ಯಾಟರಿಯಿಂದ ನೀರನ್ನು ಒಡೆದಿದ್ದರು. ಎಚ್-ಟು-ಓ ಎಂದು ವರ್ಷವೆಲ್ಲ ಬಾಯಿಪಾಠ ಮಾಡಿಸುವ ಶಿಕ್ಷಕಮಿತ್ರರೇ, ದಯವಿಟ್ಟು ಒಂದು ಸಲ ಮೇಜಿನ ಮೇಲೆ ಆ ಲೋಟ ಇಡಿ.

ಸಮಯ ಕಡಿಮೆಯಿದೆ. ಇದನ್ನೇ ತಿರುಗುಮುರುಗು ಮಾಡಿದರೆ ಇಂಧನಕೋಶ. ಜಲಜನಕದ ಎಲೆಕ್ಟ್ರಾನನ್ನು ತಂತಿಯಲ್ಲಿ ಸುತ್ತುಹಾಕಿಸಿದರೆ ಕರೆಂಟ್ ಸಿಗುತ್ತದೆ, ಆಮ್ಲಜನಕ ಕೂಡಿಕೊಂಡು ಕೊನೆಗೆ ನೀರೂ ಸಿಗುತ್ತದೆ. ಬ್ರಿಟನ್ನಿನ ವಿಜ್ಞಾನಿ ವಿಲಿಯಂ ಗ್ರೋವ್ 1839ರಲ್ಲೇ ಇದಕ್ಕೆ ದಾರಿ ತೋರಿಸಿದ. ಅಪೊಲೊ ಗಗನಯಾತ್ರಿಗಳು ಕುಡಿದದ್ದು ಇಂಥ ಕೋಶದ ನೀರನ್ನೇ.

ಇನ್ನೊಂದು ಮಾತು. ಮನೆಯ ಇನ್ವರ್ಟರ್‌ಗೆ ನೀರು ತುಂಬುವ ಬ್ಯಾಟರಿ ಇದ್ದರೆ, ಚಾರ್ಜ್ ಆಗುವಾಗ ಅದೂ ಜಲಜನಕ ಬಿಡುತ್ತದೆ. ಗಾಳಿಯಲ್ಲಿ ಶೇಕಡಾ 4ರಷ್ಟು ಸೇರಿದರೆ ಹೊತ್ತಿಕೊಳ್ಳಲು ಒಂದು ಕಿಡಿ ಸಾಕು. ತೀರಾ ಹಗುರ, ನೇರ ಸೂರಿಗೆ ಏರುತ್ತದೆ. ಬ್ಯಾಟರಿ ಇಟ್ಟ ಕೋಣೆಯ ಮೇಲಿನ ಕಿಂಡಿಯನ್ನು ಇವತ್ತೇ ತೆರೆಯಿರಿ. ನಮಸ್ಕಾರ.