ಸೋರೋ ತಾರಸಿಗೆ ಮಳೇಲಿ ಪೇಂಟ್ ಹೊಡೀಬೇಡಿ

ನಮಸ್ಕಾರ ಎಲ್ರಿಗೂ. ಆರಿದ್ರಾ ಮಳೆ ಹಿಡೀತು ಅಂದ್ರೆ ನಮ್ಮ ತೀರ್ಥಹಳ್ಳಿ, ಕೊಪ್ಪ ಕಡೆ ಜನ ಹಾರ್ಡ್‌ವೇರ್ ಅಂಗಡಿಗೆ ಓಡ್ತಾರೆ, ತಾರಸಿ ಸೋರ್ತಿದೆ, ಹಾಲ್ ತುಂಬ ಬಕೆಟ್ ಇಟ್ಟಿದೀವಿ, ವಾಟರ್‌ಪ್ರೂಫಿಂಗ್ ಡಬ್ಬ ಕೊಡಿ ಅಂತ. ನಾನು ಹೇಳೋದು, ಈಗ ಆ ಡಬ್ಬ ತಗೋಬೇಡಿ. ಸ್ಲ್ಯಾಬ್ ನೀರು ಕುಡ್ಕೊಂಡು ಕೂತಿದೆ, ಅದರ ಮೇಲೆ ಎಷ್ಟು ಕೋಟ್ ಹೊಡೆದ್ರೂ ಬಿಸಿಲು ಬಂದ ದಿನ ಒಳಗಿನ ತೇವ ಆವಿಯಾಗಿ ಮೇಲಕ್ಕೆ ತಳ್ಳುತ್ತೆ, ಪೇಂಟು ಗುಳ್ಳೆ ಎದ್ದು ಕಿತ್ಕೊಂಡು ಬರುತ್ತೆ, ಮುಂದಿನ ವರ್ಷ ಮತ್ತೆ ಅಷ್ಟೇ ದುಡ್ಡು.

ಒಳಗಡೆಯಿಂದ ಪುಟ್ಟಿ ಹಾಕಿ ಕಲೆ ಮುಚ್ಚೋದು ಇನ್ನೂ ಅಪಾಯ. ಸ್ಲ್ಯಾಬ್ ಒಳಗಿನ ಕಬ್ಬಿಣದ ಕಂಬಿಗೆ ತುಕ್ಕು ಹಿಡಿದ್ರೆ ಅದು ಉಬ್ಬುತ್ತೆ, ಉಬ್ಬಿದ್ರೆ ಕೆಳಗಿನ ಕಾಂಕ್ರೀಟ್ ಚಕ್ಕೆ ಚಕ್ಕೆಯಾಗಿ ಬೀಳುತ್ತೆ. ಮಕ್ಕಳು ಮಲಗೋ ರೂಮಿನ ಸೀಲಿಂಗಲ್ಲಿ ತುಕ್ಕಿನ ಗೆರೆ ಕಂಡ್ರೆ ದಯವಿಟ್ಟು ಬಣ್ಣ ಬಳೀಬೇಡಿ, ಗೊತ್ತಿರೋ ಇಂಜಿನಿಯರ್‌ಗೆ ತೋರಿಸಿ.

ಮಳೆ ಇರೋವಾಗ ಮಾಡೋ ಕೆಲಸ ಏನಪ್ಪಾ ಅಂದ್ರೆ ನೀರು ಎಲ್ಲಿಂದ ಬರ್ತಿದೆ ಅಂತ ಹುಡುಕೋದು. ತೊಟ್ಟಿಕ್ಕೋ ಜಾಗದ ನೆತ್ತಿ ಮೇಲೇ ಬಿರುಕು ಇರ್ಬೇಕು ಅಂತೇನಿಲ್ಲ, ನೀರು ಸ್ಲ್ಯಾಬ್ ಒಳಗೆ ಹರಿದು ಎಲ್ಲೋ ಇಳಿಯುತ್ತೆ. ಪ್ಯಾರಾಪೆಟ್ ಗೋಡೆ ಸ್ಲ್ಯಾಬಿಗೆ ಸೇರೋ ಮೂಲೆ, ಪೈಪ್ ಹಾದು ಹೋಗೋ ಜಾಗ, ಸಂದಿಯಲ್ಲಿ ಬೇರು ಬಿಟ್ಟಿರೋ ಅರಳಿ ಗಿಡ, ಮೊದಲು ಇಲ್ಲಿ ನೋಡಿ. ಪೆನ್ಸಿಲಲ್ಲಿ ಗುರುತು ಹಾಕಿ ಫೋಟೋ ತೆಗೆದಿಟ್ಕೊಳ್ಳಿ. ತಾರಸಿಯ ನೀರು ಹೋಗೋ ಬಾಯಲ್ಲಿ ಎಲೆ ಕಸ ಕಟ್ಟಿದ್ರೆ ತೆಗೀರಿ, ನೀರು ನಿಲ್ಲದೇ ಇದ್ರೆ ಎಷ್ಟೋ ಸೋರಿಕೆ ಕಮ್ಮಿ ಆಗುತ್ತೆ. ಫ್ಯಾನ್, ಲೈಟ್ ಹತ್ರ ನೀರು ಇಳೀತಿದ್ರೆ ಆ ಲೈನ್ ಎಂಸಿಬಿ, ಅಂದ್ರೆ ಕರೆಂಟ್ ಬೋರ್ಡಲ್ಲಿರೋ ಟ್ರಿಪ್ ಸ್ವಿಚ್, ಆಫ್ ಮಾಡಿ, ಇದನ್ನ ಮಾತ್ರ ನಾಳೆಗೆ ಇಡ್ಬೇಡಿ.

ಹಂಚಿನ ಮನೆಯೋರಿಗೆ ಮಂಗನ ಕಾಟ ಬೇರೆ. ಒಡೆದ ಹಂಚಿನ ಅಡಿಗೆ ಒಳಗಡೆಯಿಂದಾನೇ ಅಡಿಕೆ ಹಾಳೆ ತೂರಿಸಿ ಸದ್ಯಕ್ಕೆ ತಡೀಬಹುದು, ಪಾಚಿ ಕಟ್ಟಿರೋ ಮಾಡು ಹತ್ತೋಕೆ ಮಾತ್ರ ಹೋಗ್ಬೇಡಿ, ಹಂಚಿಗೋಸ್ಕರ ಸೊಂಟ ಮುರ್ಕೊಳ್ಳೋದು ಬೇಡ.

ನನಗೆ ನಿಜವಾಗ್ಲೂ ಬೇಜಾರಾಗೋದು ಮನೆ ಕಟ್ಟೋವಾಗಿನ ಯೋಚನೆ ಬಗ್ಗೆ. ಬೆಂಗಳೂರಲ್ಲಿ ವರ್ಷಕ್ಕೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ. ಆಗುಂಬೆಯಲ್ಲಿ ಸರಾಸರಿ 7000 ದಾಟುತ್ತೆ. ಎರಡು ಕಡೆಗೂ ಒಂದೇ ಚಪ್ಪಟೆ ತಾರಸಿ ಪ್ಲಾನ್! ಸೋಗೆ ಹೊದಿಸ್ತಿದ್ದಾಗ್ಲೂ ಮಾಡು ಇಳಿಜಾರೇ, 1860ರ ದಶಕದಲ್ಲಿ ಬಾಸೆಲ್ ಮಿಷನ್ ಅನ್ನೋ ಕ್ರೈಸ್ತ ಮಿಷನರಿಗಳು ಮಂಗಳೂರಲ್ಲಿ ಫ್ಯಾಕ್ಟರಿ ಶುರು ಮಾಡಿ ಹಂಚು ಬಂದ ಮೇಲೂ ಇಳಿಜಾರೇ, ಆಮೇಲೆ ಆರ್‌ಸಿಸಿ ಅಂದ್ರೆ ಅಂತಸ್ತು ಅಂತಾಯ್ತು, ಸುಮಾರು ಮನೇಲಿ ಇಳಿಜಾರೂ ಹೋಯ್ತು ಜಗಲಿ ಕಾಯೋ ಚಾಚೂ ಹೋಯ್ತು. ಈಗ ಆ ತಾರಸಿ ಮೇಲೆ ಶೀಟ್ ಹಾಕಿಸಿದ್ರೆ ಮನೆ ಅಂದ ಕೆಡುತ್ತೆ ಅಂತ ಮೂಗು ಮುರಿಯೋರಿದಾರೆ. ಮಲೆನಾಡು, ಕರಾವಳಿಲಿ ನಾನಂತೂ ಶೀಟಿನ ಪರವೇ. ಸೋರೋ ಮನೇಲಿ ಅಜ್ಜಿ ಕೆಮ್ಕೊಂಡು ಮಲಗಿರೋವಾಗ ಅಂದ ಯಾರಿಗೆ ಬೇಕು ಹೇಳಿ. ಗಾಳಿಗೆ ಹಾರದ ಹಾಗೆ ಗಟ್ಟಿ ಫ್ರೇಮ್ ಮಾಡ್ಸಿ, ಸ್ಕ್ರೂಗೆ ರಬ್ಬರ್ ವಾಷರ್ ಇದ್ಯಾ ನೋಡಿ, ವಾಷರ್ ಒಣಗಿ ಬಿರಿದ್ರೆ ಅಲ್ಲಿಂದಾನೇ ನೀರು.

ಬಯಲುಸೀಮೆಯೋರಿಗೆ ಶೀಟ್ ಅಷ್ಟು ಅಗತ್ಯ ಇಲ್ಲ, ಬಿರುಕು ವಿ ಆಕಾರಕ್ಕೆ ಕೊರೆದು ಪಾಲಿಮರ್ ಮಾರ್ಟರ್ (ಪಾಲಿಮರ್ ಬೆರೆಸಿದ ಸಿಮೆಂಟ್ ಗಾರೆ) ತುಂಬಿಸಿ, ಗೋಡೆ ಸ್ಲ್ಯಾಬಿಗೆ ಸೇರೋ ಮೂಲೆಗೆ ಗೋಲಾ, ಅಂದ್ರೆ ದುಂಡಗಿನ ಗಾರೆ ಅಂಚು, ಕಟ್ಟಿಸಿ, ಪೂರ್ತಿ ಒಣಗಿದ ಮೇಲೆ ಎರಡು ಕೋಟ್. ಆಮೇಲೆ ಒಂದೆರಡು ದಿನ ನೀರು ಕಟ್ಟಿ ನಿಲ್ಲಿಸಿ ನೋಡದೇ ಪೂರ್ತಿ ದುಡ್ಡು ಕೊಡ್ಬೇಡಿ.

ಇದೆಲ್ಲ ಮೇ ಕೊನೆಗೆ ಮಾಡಿಸೋಣ ಅಂತಲೂ ಇಟ್ಕೋಬೇಡಿ. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂತು, ನಮ್ಮ ಕರಾವಳಿನೂ ಬಿಡ್ಲಿಲ್ಲ. ಹಂಚು ಕೈಯಾಡಿಸೋ (ತೆಗೆದು ಮತ್ತೆ ಸರಿಯಾಗಿ ಜೋಡಿಸೋ) ಕೆಲಸ ಗೊತ್ತಿರೋರು ಊರಲ್ಲಿ ಈಗ ಬೆರಳೆಣಿಕೆ, ಅವರಿಗೆ ಮಾರ್ಚಲ್ಲೇ ಹೇಳಿ ಅಡ್ವಾನ್ಸ್ ಕೊಟ್ಟಿಡಿ, ತಾರಸಿ ರಿಪೇರಿಗೆ ಬರೋರ ಕೈಗೆ ಮಳೇಲಿ ತೆಗೆದಿಟ್ಟ ಆ ಫೋಟೋ ಕೊಡಿ.