ಅಪ್ಪ ಅಮೆರಿಕದ ಪ್ರಜೆಯಾದರು, ಮಗಳ ದಾಖಲೆ ಎಲ್ಲಿ?

ನಮಸ್ಕಾರ. ಕಾಸರಗೋಡಿನವರಿಗೆ ವಿದೇಶವೆಂದರೆ ಬಹುಕಾಲ ಕೊಲ್ಲಿ ರಾಷ್ಟ್ರಗಳೇ. ದುಬೈಯಲ್ಲಿ ಮೂವತ್ತು ವರ್ಷ ದುಡಿದವರೂ ಸಾಮಾನ್ಯವಾಗಿ ಭಾರತದ ಪಾಸ್‌ಪೋರ್ಟ್ ಹಿಡಿದೇ ಊರಿಗೆ ಮರಳುತ್ತಾರೆ. ಹಾಗಾಗಿ ಪೌರತ್ವ ಬದಲಾಗುವ ವಿಚಾರ ನಮ್ಮ ಮನೆಗಳಿಗೆ ಹೊಸದು. ಅಮೆರಿಕಕ್ಕೆ ಹೋದವರ ದಾರಿ ಬೇರೆ. ಬದಿಯಡ್ಕ, ಪೆರ್ಲ, ಮಂಜೇಶ್ವರದಿಂದ ಹೋದವರು ಕಾಯಂ ವಾಸದ ಅನುಮತಿಯಾದ ಗ್ರೀನ್ ಕಾರ್ಡ್ ಪಡೆದು, ವರ್ಷಗಳ ನಂತರ ಪ್ರಮಾಣವಚನ ಸ್ವೀಕರಿಸಿ ಅಲ್ಲಿನ ಪ್ರಜೆಗಳಾಗುತ್ತಾರೆ. ಅಪ್ಪನ ಕೈಗೆ ಪ್ರಮಾಣಪತ್ರ ಸಿಗುತ್ತದೆ. ಊರಲ್ಲಿ ಹುಟ್ಟಿ, ಅಪ್ಪನ ಜೊತೆ ಹೋದ ಮಗಳ ಕೈಗೆ ಏನೂ ಸಿಗುವುದಿಲ್ಲ. ಆದರೂ ಕಾನೂನಿನ ಕಣ್ಣಿನಲ್ಲಿ ಅದೇ ದಿನ ಅವಳೂ ಅಮೆರಿಕದ ಪ್ರಜೆಯಾಗಿರಬಹುದು.

ನಾನು ಹೇಳಬೇಕಾಗಿರುವುದು ಇಷ್ಟೇ: ಆ ಮಗಳ ಪೌರತ್ವಕ್ಕೆ ದಾಖಲೆ ಮಾಡಿಸುವುದು ಹೆತ್ತವರ ಕೆಲಸ, ಅದೂ ಕೂಡಲೇ. ದೊಡ್ಡವಳಾದ ಮೇಲೆ ಅವಳೇ ನೋಡಿಕೊಳ್ಳಲಿ ಎಂದು ಬಿಡುವುದು ಅನ್ಯಾಯ.

ಅಮೆರಿಕದ ಮಕ್ಕಳ ಪೌರತ್ವ ಕಾಯ್ದೆ 2000ದಲ್ಲಿ ಅಂಗೀಕಾರವಾಗಿ 2001ರ ಫೆಬ್ರವರಿ 27ರಂದು ಜಾರಿಗೆ ಬಂತು. ತಂದೆ ಅಥವಾ ತಾಯಿ, ಇಬ್ಬರಲ್ಲೊಬ್ಬರು ಅಲ್ಲಿನ ಪ್ರಜೆಯಾಗಿರಬೇಕು. ಮಗುವಿಗೆ 18 ತುಂಬಿರಬಾರದು. ಮಗುವಿಗೆ ಗ್ರೀನ್ ಕಾರ್ಡ್ ಇದ್ದು, ಪ್ರಜೆಯಾದ ಆ ತಂದೆ ಅಥವಾ ತಾಯಿಯ ಪಾಲನೆಯಲ್ಲಿ ಅಮೆರಿಕದಲ್ಲೇ ವಾಸಿಸುತ್ತಿರಬೇಕು. ಇವೆಲ್ಲ ಕೂಡಿಬಂದರೆ ಪೌರತ್ವ ತಾನಾಗಿಯೇ ಬರುತ್ತದೆ, ಅರ್ಜಿ ಹಾಕಬೇಕಾಗಿಲ್ಲ. ಆದರೆ ಅರ್ಜಿಯೇ ಇಲ್ಲದಿದ್ದಾಗ ಕಡತವೂ ಇರುವುದಿಲ್ಲ. ಇಪ್ಪತ್ತೈದನೆಯ ವಯಸ್ಸಿನಲ್ಲಿ ಪಾಸ್‌ಪೋರ್ಟ್ ಕೇಳಲು ಹೋದ ಮಗಳು, ತಾನು ಚಿಕ್ಕವಳಿದ್ದಾಗ ಈ ಷರತ್ತುಗಳೆಲ್ಲ ಪೂರೈಸಿದ್ದವೆಂದು ಆಗ ಸಾಬೀತುಪಡಿಸಬೇಕಾಗುತ್ತದೆ.

ಅದಕ್ಕೆ ಅವಳ ಜನನ ಪ್ರಮಾಣಪತ್ರ ಬೇಕು. ಅಪ್ಪನ ಪೌರತ್ವ ಪ್ರಮಾಣಪತ್ರ ಬೇಕು. ಅವಳ ಗ್ರೀನ್ ಕಾರ್ಡ್ ಬೇಕು. ಅಪ್ಪನ ಮೂಲಕ ಹಕ್ಕು ಬಂದಿದ್ದರೆ ಅಪ್ಪ ಅಮ್ಮನ ಮದುವೆಯ ದಾಖಲೆಯನ್ನೂ ಕೇಳುತ್ತಾರೆ. ಇಂಗ್ಲಿಷ್‌ನಲ್ಲಿ ಇಲ್ಲದ ದಾಖಲೆಗೆ ದೃಢೀಕೃತ ಅನುವಾದ ಜೊತೆಗಿರಬೇಕು.

ಇನ್ನು ಇದನ್ನೆಲ್ಲ ನಮ್ಮ ಗಡಿನಾಡಿನಲ್ಲಿ ನಿಂತು ಯೋಚಿಸಿ. ನಮ್ಮ ಎಷ್ಟೋ ಹೆಣ್ಣುಮಕ್ಕಳು ಹೆರಿಗೆಗೆ ಹೋಗುವುದು ತಲಪಾಡಿ ದಾಟಿ ಮಂಗಳೂರಿನ ಆಸ್ಪತ್ರೆಗೆ. ಆಗ ಜನನ ನೋಂದಣಿ ಕರ್ನಾಟಕದಲ್ಲಿ, ಮನೆಯ ವಿಳಾಸ ಕೇರಳದಲ್ಲಿ, ಪಡಿತರ ಚೀಟಿ ಮಲಯಾಳದಲ್ಲಿ. ಒಂದಕ್ಷರ ತಿದ್ದಬೇಕೆಂದರೂ ಹುಟ್ಟನ್ನು ನೋಂದಾಯಿಸಿದ ಕಚೇರಿಗೇ ಹೋಗಬೇಕು. ಊರಿನ ಪಂಚಾಯಿತಿಯಿಂದ ಅದು ಆಗುವುದಿಲ್ಲ. ಅಪ್ಪನ ಹೆಸರು ಒಂದರಲ್ಲಿ ಇನಿಷಿಯಲ್ ಸಹಿತ, ಇನ್ನೊಂದರಲ್ಲಿ ಮನೆತನದ ಹೆಸರಿನೊಂದಿಗೆ, ಅಮೆರಿಕದ ಪ್ರಮಾಣಪತ್ರದಲ್ಲಿ ಎರಡನ್ನೂ ಬಿಡಿಸಿ ಬರೆದ ರೂಪದಲ್ಲಿ. ಕೃಷ್ಣ ಎಂಬುದು ಮಲಯಾಳದ ದಾಖಲೆಯಲ್ಲಿ ಕೃಷ್ಣನ್ ಆಗಿರುತ್ತದೆ. ಅಪ್ಪ 1984ರ ಮೇ 24ಕ್ಕಿಂತ ಮೊದಲು ಹುಟ್ಟಿದವರಾದರೆ ಅವರ ಹಳೆಯ ದಾಖಲೆಯಲ್ಲಿ ಕಾಸರಗೋಡು ಜಿಲ್ಲೆಯೇ ಇರುವುದಿಲ್ಲ, ಕಣ್ಣೂರು ಎಂದಿರುತ್ತದೆ. ನಮಗೆ ಇದೆಲ್ಲ ಊರಿನ ಚರಿತ್ರೆ. ದೂರದ ಕಚೇರಿಯ ಅಧಿಕಾರಿಗೆ ಇದು ಇಬ್ಬರು ಬೇರೆ ಬೇರೆ ವ್ಯಕ್ತಿಗಳಂತೆ ಕಾಣಬಹುದು. ಅವರನ್ನು ದೂರಿ ಫಲವಿಲ್ಲ, ಅವರ ಮುಂದಿರುವುದು ಕಾಗದ ಮಾತ್ರ.

ಮದುವೆಯದ್ದಂತೂ ಇನ್ನೂ ಕಷ್ಟ. ಕೇರಳದಲ್ಲಿ ಎಲ್ಲ ಧರ್ಮದವರಿಗೂ ಅನ್ವಯಿಸುವ ವಿವಾಹ ನೋಂದಣಿ ನಿಯಮ ಬಂದದ್ದು 2008ರಲ್ಲಿ. ಅದಕ್ಕೂ ಮೊದಲು ಮನೆಯಂಗಳದಲ್ಲಿ, ದೇವಸ್ಥಾನದಲ್ಲಿ ಮದುವೆಯಾದ ಎಷ್ಟೋ ದಂಪತಿಗಳ ಬಳಿ ಲಗ್ನಪತ್ರಿಕೆ ಬಿಟ್ಟರೆ ಬೇರೇನೂ ಇಲ್ಲ. ತಡವಾಗಿಯಾದರೂ ನೋಂದಾಯಿಸಿಕೊಳ್ಳಿ. ಸಾಕ್ಷಿ ಹೇಳಬಲ್ಲ ಹಿರಿಯರು ಇದ್ದಾಗಲೇ ಈ ಕೆಲಸ ಸುಲಭ.

ಮಗಳಿಗೆ ಅಮೆರಿಕದ ಪಾಸ್‌ಪೋರ್ಟ್ ಸಾಕೋ, ಅವಳದೇ ಹೆಸರಿನ ಪೌರತ್ವ ಪ್ರಮಾಣಪತ್ರವೂ ಬೇಕೋ ಎಂದು ಕೇಳುವವರಿದ್ದಾರೆ. ಆ ಪ್ರಮಾಣಪತ್ರಕ್ಕೆ ಹಾಕುವ ಎನ್-600 ಅರ್ಜಿಯ ಶುಲ್ಕ ಸಾವಿರ ಡಾಲರಿಗೂ ಮೀರುತ್ತದೆ, ಕಾನೂನು ಅದನ್ನು ಕಡ್ಡಾಯ ಮಾಡಿಲ್ಲ. ಮೊದಲು ಪಾಸ್‌ಪೋರ್ಟ್ ಮಾಡಿಸಿ. ಆದರೆ 16ರ ಒಳಗಿನವರ ಪಾಸ್‌ಪೋರ್ಟ್ ಐದೇ ವರ್ಷ ನಡೆಯುತ್ತದೆ, ಪ್ರಮಾಣಪತ್ರಕ್ಕೆ ಅವಧಿಯಿಲ್ಲ. ಶಕ್ತಿ ಇದ್ದವರು ಎರಡನ್ನೂ ಮಾಡಿಸಿಕೊಳ್ಳಬೇಕೆಂದೇ ನಾನು ಹೇಳುತ್ತೇನೆ.

ನನಗೆ ಹೆಚ್ಚು ಆತಂಕವಿರುವುದು ಅಜ್ಜಿಯ ಮನೆಯಲ್ಲಿ ಬೆಳೆಯುತ್ತಿರುವ ಮಕ್ಕಳ ಬಗ್ಗೆ. ಕನ್ನಡ ಕಲಿಯಲಿ, ಯಕ್ಷಗಾನ ನೋಡಿ ಬೆಳೆಯಲಿ ಎಂಬ ಆಸೆಯಿಂದ ಮಗುವನ್ನು ನೀರ್ಚಾಲಿನಲ್ಲೋ ಮುಳ್ಳೇರಿಯದಲ್ಲೋ ಬಿಟ್ಟು ಹೋಗುವವರಿದ್ದಾರೆ. ಆಸೆ ಒಳ್ಳೆಯದೇ. ಆದರೆ ಆ ಮಗು ಅಮೆರಿಕದಲ್ಲಿ ವಾಸಿಸುತ್ತಿಲ್ಲವಾದ್ದರಿಂದ ಪೌರತ್ವ ತಾನಾಗಿ ಬರುವುದಿಲ್ಲ. ಅದಕ್ಕೆ ಎನ್-600ಕೆ ಎಂಬ ಬೇರೆ ಅರ್ಜಿಯಿದೆ. ಪ್ರಜೆಯಾದ ತಂದೆ ಅಥವಾ ತಾಯಿ ಒಟ್ಟು ಐದು ವರ್ಷ ಅಮೆರಿಕದಲ್ಲಿ ಇದ್ದಿರಬೇಕು, ಅದರಲ್ಲಿ ಎರಡು ವರ್ಷವಾದರೂ ಅವರಿಗೆ 14 ತುಂಬಿದ ನಂತರದ್ದಾಗಿರಬೇಕು. ಮಗು ಅಲ್ಲಿಗೆ ಕಾನೂನುಬದ್ಧವಾಗಿ ಹೋಗಿ ಹಾಜರಾಗಬೇಕು. ಅರ್ಜಿ ಹಾಕಿದರಷ್ಟೇ ಸಾಲದು, 18 ತುಂಬುವ ಮೊದಲು ಎಲ್ಲವೂ ಮುಗಿದು ಪೌರತ್ವ ಸಿಕ್ಕಿರಬೇಕು. ಹದಿನೇಳರ ಮಗ ಪಿಯುಸಿ ಮುಗಿಸಲಿ ಎಂದು ಕಾದು ಕೂತರೆ ಈ ದಾರಿ ಶಾಶ್ವತವಾಗಿ ಮುಚ್ಚುತ್ತದೆ.

ಕೊನೆಗೆ ಭಾರತದ ಪಾಸ್‌ಪೋರ್ಟ್. ನಮ್ಮಲ್ಲಿ ಎರಡು ಪೌರತ್ವಕ್ಕೆ ಅವಕಾಶವಿಲ್ಲ. ಮಗು ಅಮೆರಿಕದ ಪ್ರಜೆಯಾದ ಮೇಲೆ ಹಳೆಯ ಪಾಸ್‌ಪೋರ್ಟ್‌ನಲ್ಲಿ ಊರಿಗೆ ಕರೆತರಬೇಡಿ. ಅದನ್ನು ಒಪ್ಪಿಸಿ, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಸಿಗುವ ಒಸಿಐ ಕಾರ್ಡ್ ಮಾಡಿಸಿ. ಒಪ್ಪಿಸುವ ಮುನ್ನ ವೀಸಾ ಮತ್ತು ಪ್ರವೇಶದ ಮುದ್ರೆಯಿರುವ ಪುಟಗಳ ಬಣ್ಣದ ಪ್ರತಿ ತೆಗೆದಿಡಿ. ಗ್ರೀನ್ ಕಾರ್ಡಿನ ಎರಡೂ ಬದಿಯದ್ದು ಕೂಡ. ಅವಧಿ ಮುಗಿದಿದೆಯೆಂದು ಆ ಕಾರ್ಡನ್ನು ಎಸೆಯಬೇಡಿ: ಮಗು ಯಾವ ದಿನದಿಂದ ಅಲ್ಲಿ ಕಾಯಂ ನಿವಾಸಿ ಎಂಬುದು ಅದರ ಮೇಲೆಯೇ ಅಚ್ಚಾಗಿರುತ್ತದೆ.